ಎಡಗಡೆಯ ಆರ್ಗನ್ನು

ಸೆಪ್ಟೆಂಬರ್ ೭, ಭಾನುವಾರ

ಮಹಾಜನಗಳೇ, ಚಾಪೆ ಹಿಡಿದು ಬೇಗನೆ ಬಂದು ಮುಂದೆ ಕುಳಿತ ತಾಯಂದಿರೇ, ಹಿಂದೆ ಕಂಬಕ್ಕೆ ಒರಗಿ ಬೀಡಿ ಮರೆಮಾಡಿಕೊಂಡ ಗೆಳೆಯರೇ, ಗದ್ದಲ ಬೇಡ. ಅಜ್ಜಂಪುರದ ಷಣ್ಮುಖಪ್ಪನೆಂಬ ನಾನು, ಹಗಲು ನಾಡಕಚೇರಿಯಲ್ಲಿ ಖಾತೆ ಪಹಣಿ ಬರೆದು ರಾತ್ರಿ ರಾಜಪಾರ್ಟು ಕಟ್ಟಿದವನು, ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಮಾತು ಮುಟ್ಟಿಸಿದವನು, ಇಂದಿನಿಂದ ದಿನಚರಿ ಬರೆಯಲು ಹೊರಟಿದ್ದೇನೆ. ಓದುವವರು ಯಾರೂ ಇಲ್ಲವೆಂದು ಗೊತ್ತು. ಆದರೂ ಸಭೆಗೆ ಕೈಮುಗಿಯದೆ ಬಾಯಿ ತೆರೆದು ನನಗೆ ಅಭ್ಯಾಸವಿಲ್ಲ.

ಬರೆಯಲು ಕಾರಣವೊಂದಿದೆ. ಕೆಲವು ದಿನಗಳಿಂದ ಮನೆಯಲ್ಲಿ ಒಂದು ಸದ್ದು. ಕುಕ್ಕರು ಕೂಗುವ ಮೊದಲು ಸೊಯ್ ಎನ್ನುತ್ತದಲ್ಲ, ಹಾಗೆ. ಆದರೆ ಕೂಗುವುದೇ ಇಲ್ಲ. ಫ್ರಿಜ್ಜಿರಬೇಕೆಂದು ಅದನ್ನು ಆರಿಸಿದೆ. ಟ್ಯೂಬ್‌ಲೈಟ್ ಆರಿಸಿದೆ. ನಿನ್ನೆ ಮೈನ್ ಸ್ವಿಚ್ಚನ್ನೇ ಇಳಿಸಿದೆ. ಕರೆಂಟಿಲ್ಲದ ಮನೆಯಲ್ಲೂ ಆ ಸದ್ದು ಇತ್ತು.

"ಎಂಥ ಸದ್ದೂ ಇಲ್ಲ ಕಣ್ರೀ. ಮೈನ್ ಹಾಕಿ, ಹಿಟ್ಟು ರುಬ್ಬಬೇಕು" ಅಂದಳು ನನ್ನ ಹೆಂಡತಿ ತೀರ್ಥಮ್ಮ.

ಅವಳಿಗೆ ಕೇಳದ ಸದ್ದು ನನಗೆ ಮಾತ್ರ ಏಕೆ ಕೇಳಬೇಕು? ಎದೆಯಲ್ಲಿ ಒಂದು ಅಳುಕು ಕುಳಿತಿದೆ. ಬರೆದರೆ ಹೋಗಬಹುದೆಂದು ಬರೆಯುತ್ತಿದ್ದೇನೆ.

ಅದಿರಲಿ. ಇಂದಿನ ಪ್ರದರ್ಶನಕ್ಕೆ ಬರೋಣ.

ಭಾನುವಾರ ಮಧ್ಯಾಹ್ನ ತರೀಕೆರೆಯಲ್ಲಿ ಚಂದ್ರಕುಮಾರನ ಮೈಕ್‌ಸೆಟ್ ಅಂಗಡಿಯಲ್ಲಿ ನಾವು ನಾಲ್ವರು ಸೇರುತ್ತೇವೆ. ಪ್ರೋಗ್ರೆಸಿವ್ ರಾಕ್ ಎಂಬ ಇಂಗ್ಲಿಷ್ ಸಂಗೀತ ಕೇಳುವುದು ನಮ್ಮ ಚಟ. ಎಪ್ಪತ್ತರ ದಶಕದಲ್ಲಿ ನನಗೂ ಚಂದ್ರಕುಮಾರನಿಗೂ ಇದನ್ನು ಹತ್ತಿಸಿದವರು ಕಡೂರು ರೈಲ್ವೆ ಕ್ವಾರ್ಟರ್ಸಿನ ಕೃಷ್ಣಸ್ವಾಮಿ ಮೇಷ್ಟ್ರು. ನಮ್ಮ ನಾಟಕಗಳಿಗೆ ಕಾಲುಪೆಟ್ಟಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. "ಇದೂ ಕಂಪನಿ ನಾಟಕಾನೇ ಕಣೋ. ರೆಕಾರ್ಡಿನ ಒಂದು ಮಗ್ಗುಲಿಗೆ ಒಂದೇ ಕಥೆ. ರಾಜ ಬಂದ, ಕಾಡಿಗೆ ಹೋದ, ಯುದ್ಧ ಆಯ್ತು, ಪರದೆ ಬಿತ್ತು" ಅನ್ನುತ್ತಿದ್ದರು. ಅವರು ತೀರಿಕೊಂಡು ಬಹಳ ಕಾಲವಾಯಿತು. ರೆಕಾರ್ಡುಗಳು ಚಂದ್ರಕುಮಾರನ ಬೀರುವಿನಲ್ಲಿವೆ.

ಎದುರಾಳಿ ಪಕ್ಷದಲ್ಲಿ ಇಬ್ಬರು. ಒಬ್ಬಳು ನನ್ನ ಸೊಸೆ ಭೂಮಿಕಾ, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು, ಹಿರೇನಲ್ಲೂರಿನ ಕಡೆಯ ಹುಡುಗಿ. ಇನ್ನೊಬ್ಬ ಅಂಗಡಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ವಿಶ್ವಾರಾಧ್ಯ. ಈ ಇಬ್ಬರಿಗೂ ಈಗಿನ ತಂಡಗಳು ಬೇಕು. ನಾವು ಒಂದು ಹಳೆಯದು ಹಾಕಿದರೆ ಅವರು ಒಂದು ಹೊಸದು ಹಾಕಬೇಕು. ಸೋತ ಪಕ್ಷ ಮೆಣಸಿನಕಾಯಿ ಬೋಂಡ ತರಿಸಬೇಕು. ಪಕ್ಕದಲ್ಲಿ ಟ್ಯೂಷನ್ ಮನೆ ಇರುವುದರಿಂದ ಸ್ಪೀಕರ್ ಹಾಕುವಂತಿಲ್ಲ. ಊರಿಗೆಲ್ಲ ಸದ್ದು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನಾಲ್ವರೂ ಹೆಡ್‌ಫೋನ್ ಹಾಕಿಕೊಂಡು ಮೂಕರಂತೆ ತಲೆಯಾಡಿಸುತ್ತೇವೆ.

ಇಂದು ಸೊಸೆ ಆಸ್ಟ್ರೇಲಿಯಾದ ಯಾವುದೋ ಹುಡುಗರ ತಂಡದ ಹಾಡು ಹಾಕಿದಳು. ಏಳರ ನಡೆ, ತಕಿಟ ತಕಧಿಮಿ. ಡ್ರಮ್ಮು ಚೊಕ್ಕ. ಆದರೆ ಬರೀ ಡ್ರಮ್ಮು, ಬರೀ ಗುಂಯ್ ಎನ್ನುವ ಗಿಟಾರು.

"ರಥ ಇದೆ, ರಥದಲ್ಲಿ ರಾಜ ಇಲ್ಲ. ಆರ್ಗನ್ನು ಎಲ್ಲಮ್ಮಾ? ಕೀಬೋರ್ಡು ಎಲ್ಲಿ? ಅರ್ಧ ಹಾಡು ಮಾಡಿ ಪೂರ್ತಿ ಹಾಡು ಅಂತ ಮಾರ್ತಾರಲ್ಲ ಈ ಕಾಲದವರು" ಅಂದೆ.

"ಕೀಬೋರ್ಡ್ ಐತಲ್ಲ ಅಂಕಲ್, ಎಡಗಡೆ. ಮೊದಲಿಂದ ಕೊನೇವರೆಗೂ ಐತೆ" ಅಂದ ವಿಶ್ವಾರಾಧ್ಯ.

"ನಿಂಗೆ ಭ್ರಮೆ ಕಣೋ."

ಅವನು ನಕ್ಕ. ಸೊಸೆ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ನಾವು ಕೋಟೆ ರೆಕಾರ್ಡು ಹಾಕಿದೆವು. ಹೊದಿಕೆಯ ಮೇಲೆ ಕೋಟೆಯ ಚಿತ್ರವಿರುವುದರಿಂದ ನಾವಿಟ್ಟ ಹೆಸರು. ಆಹಾ, ಅದರ ಆರ್ಗನ್ನು. ಬೋಂಡ ಅವರೇ ತರಿಸಿದರು.

ಸೆಪ್ಟೆಂಬರ್ ೧೦, ಬುಧವಾರ

ರಾಜ್ಯೋತ್ಸವದ ನಾಟಕಕ್ಕೆ ತಾಲೀಮು ಶುರುವಾಗಿದೆ. ಪಾರ್ಟು ಬಾಯಿಗೆ ಬರುವ ತನಕ ಎಡಗಡೆಯ ಸೈಡ್‌ವಿಂಗಿನಲ್ಲಿ ಒಬ್ಬರು ನಿಂತು ಮಾತು ಎತ್ತಿಕೊಡುವುದು ನಮ್ಮ ಪದ್ಧತಿ. ಈ ಸಲ ಆ ಕೆಲಸ ರಾಜಶೇಖರನದು. ಮೂರನೆಯ ದೃಶ್ಯದಲ್ಲಿ ಮಾತು ಮರೆತು ಕಾದೆ. ಅವನು ಕೊಡಲಿಲ್ಲ. ಇನ್ನೂ ಕಾದೆ. ಮಂತ್ರಿ ಪಾರ್ಟಿನವನು ಕೆಮ್ಮಿದ.

"ಲೇ ರಾಜಶೇಖರ, ಮಾತು ಕೊಡೋ. ಗಂಟಲಲ್ಲಿ ಹತ್ತಿ ತುರುಕಿಕೊಂಡಿದೀಯಾ?"

"ಮೂರು ಸಲ ಕೊಟ್ಟೆ ಷಣ್ಮುಖಣ್ಣ. ಆಚೆ ಟೀ ಕಾಸೋನಿಗೂ ಕೇಳಿಸ್ತು."

ಟೀ ಕಾಸುವವನು ಲೋಟ ಎತ್ತಿ ತೋರಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈಗಿನವರಿಗೆ ಧ್ವನಿಯೇ ಇಲ್ಲ. ಅಷ್ಟೇ.

ಸೆಪ್ಟೆಂಬರ್ ೧೪, ಭಾನುವಾರ

ಇದನ್ನು ನಿಧಾನವಾಗಿ ಬರೆಯಬೇಕು. ಅಕ್ಷರಗಳು ಓರೆಯಾಗುತ್ತಿವೆ.

ಇಂದು ಸೊಸೆ, "ಮಾವ, ಮೊದಲು ನಿಮ್ಮ ಕೋಟೆ ರೆಕಾರ್ಡೇ ಹಾಕೋಣ. ಅದರಲ್ಲಿ ಏನೇನು ಬರುತ್ತೆ ಅಂತ ನೀವು ಹೇಳ್ತಾ ಹೋಗಿ, ನಾವು ಕಲೀತೀವಿ" ಅಂದಳು. ನನಗೆ ಇಷ್ಟು ಸಾಕಲ್ಲವೇ. ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ ಶುರುಮಾಡಿದೆ. ಇಗೋ ಕೊಳಲು, ಕಾಡಿನ ಬಾಗಿಲು ತೆರೆಯಿತು. ಇಗೋ ಡ್ರಮ್ಮು ತಡವಾಗಿ ಬಂತು, ಬೇಕೆಂದೇ ತಡ. ಈಗ ನೋಡಿ ಆರ್ಗನ್ನು, ಎಡದಿಂದ ಏರಿ ಬರುತ್ತಿದೆ, ಪಟ್ಟಾಭಿಷೇಕದ ಮೆರವಣಿಗೆಯಂತೆ, ಒಂದೊಂದು ಮೆಟ್ಟಿಲೂ ಕೇಳುತ್ತಿದೆ. "ನಿಮ್ಮ ಹೊಸ ಹುಡುಗರು ಇಂಥದೊಂದು ಮೆಟ್ಟಿಲು ಕಟ್ಟಲಿ ನೋಡೋಣ" ಎಂದು ಕಣ್ಣು ತೆರೆದೆ.

ವಿಶ್ವಾರಾಧ್ಯ ನೆಲ ನೋಡುತ್ತಿದ್ದ. ಚಂದ್ರಕುಮಾರ ಹೆಡ್‌ಫೋನ್ ಕಳಚಿ ಮಡಿಲಲ್ಲಿ ಇಟ್ಟುಕೊಂಡಿದ್ದ.

"ಏನ್ರೋ?"

ಸೊಸೆ ಚಂದ್ರಕುಮಾರನತ್ತ ನೋಡಿದಳು. ಮನೆಗೆ ಬಂದಂದಿನಿಂದ ನನ್ನ ಮಾತಿಗೆ ಎದುರಾಡಿದವಳಲ್ಲ. ಸಂಗೀತದ ವಿಷಯದಲ್ಲೂ ನಗುತ್ತ ಜಗಳವಾಡುವವಳು. ಕೊನೆಗೆ ಚಂದ್ರಕುಮಾರನೇ ಹೇಳಿದ.

"ಷಣ್ಮುಖಾ, ಬ್ಯಾಲೆನ್ಸ್ ತಿರುಪು ಪೂರ್ತಿ ಬಲಕ್ಕೆ ತಿರುಗಿಸಿದೀವಿ ಕಣೋ. ಎಡಗಡೆ ಆಫ್ ಆಗಿದೆ. ಆರ್ಗನ್ನು ನಮಗ್ಯಾರಿಗೂ ಕೇಳಿಸ್ತಿಲ್ಲ."

ಸುಳ್ಳು ಅಂದೆ. ಎದ್ದು ತಿರುಪು ನೋಡಿದೆ. ಬಲದ ತುದಿಯಲ್ಲಿತ್ತು. ಹಾಗಾದರೆ ನಾನು ಕೇಳಿದ್ದು ಏನು? ಮೆಟ್ಟಿಲು ಮೆಟ್ಟಿಲಾಗಿ ಕೇಳಿದೆನಲ್ಲ. ಕೋಪ ಬಂದು, ಹೆಡ್‌ಫೋನನ್ನು ತಿರುಗಿಸಿ, ಬಲದ್ದನ್ನು ಎಡಗಿವಿಗೆ ಹಾಕಿಕೊಂಡೆ.

ಎಲ್ಲವೂ ನಿಂತುಹೋಯಿತು.

ಕೊಳಲಿಲ್ಲ, ಡ್ರಮ್ಮಿಲ್ಲ. ಯಂತ್ರದ ಮೇಲೆ ರೆಕಾರ್ಡು ತಿರುಗುವುದು ಕಾಣುತ್ತಿತ್ತು. ಕೇಳುತ್ತಿದ್ದದ್ದು ಅದೊಂದೇ, ಮನೆಯಲ್ಲಿ ಮೈನ್ ಇಳಿಸಿದ ಮೇಲೂ ನಿಲ್ಲದ ಆ ಸೊಯ್. ಅದು ಮನೆಯಲ್ಲಿಲ್ಲ. ನನ್ನಲ್ಲಿದೆ.

ಸೊಸೆ ಮೆಲ್ಲಗೆ ಹೆಡ್‌ಫೋನ್ ತೆಗೆದಳು. ಬಲಗಡೆಗೆ ಬಂದು ಕುಳಿತು ಹೇಳಿದಳು. "ಮಾವ, ತಪ್ಪು ತಿಳೀಬೇಡಿ. ಹಳೇದು ನಿಮಗೆ ಬಾಯಿಪಾಠ. ಕಿವಿಗೆ ಅರ್ಧ ಬಂದ್ರೂ ಮಿಕ್ಕಿದ್ದನ್ನ ನೀವೇ ತುಂಬ್ಕೋತೀರ. ಹೊಸದು ಗೊತ್ತಿಲ್ಲವಲ್ಲ, ಅದಕ್ಕೇ ಅರ್ಧವೇ ಕೇಳುತ್ತೆ. ಹೋದ ವಾರ ಅನುಮಾನ ಬಂತು. ಬಾಯಿಬಿಟ್ಟು ಹೇಗೆ ಹೇಳ್ಲಿ ಅಂತ... ಒಂದ್ಸಲ ಡಾಕ್ಟ್ರಿಗೆ ತೋರಿಸೋಣ."

ಬೋಂಡ ಯಾರೂ ತಿನ್ನಲಿಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ವಯಸ್ಸು. ವ್ಯಾಕ್ಸು. ಶೀತ. ಮೂರರಲ್ಲಿ ಒಂದು.

ಬಿಸಿ ಕೊಬ್ಬರಿ ಎಣ್ಣೆ ಬಿಟ್ಟುಕೊಂಡೆ. ಏನೂ ಆಗಲಿಲ್ಲ. ಬೆರಳಿನಿಂದ ಕಿವಿಯ ಪಕ್ಕ ಚಿಟಿಕೆ ಹೊಡೆದು ನೋಡಿದೆ. ಬಲಕ್ಕೆ ಚಿಟಿಕೆ. ಎಡಕ್ಕೆ ಚರ್ಮ ಉಜ್ಜಿದ್ದು ಮಾತ್ರ ತಿಳಿಯುತ್ತದೆ.

ತೀರ್ಥಮ್ಮ ಬಾಗಿಲಲ್ಲಿ ನಿಂತು ಕೇಳಿದಳು. "ಅದೇನ್ರೀ, ಒಬ್ಬರೇ ಕೂತ್ಕೊಂಡು ಚಿಟಿಕೆ? ನಾಯಿ ಕರೀತಿದೀರಾ?"

ಪಾರ್ಟಿನ ಅಭಿನಯ ಅಂದೆ.

ಸೆಪ್ಟೆಂಬರ್ ೧೮, ಗುರುವಾರ

ಇಂದು ಸಾಯುತ್ತಿದ್ದೆ. ಬಸ್‌ಸ್ಟ್ಯಾಂಡಿನ ಬಳಿ ರಸ್ತೆ ದಾಟುವಾಗ ಎಡಗಡೆಯಿಂದ ಈರುಳ್ಳಿ ಲಾರಿ ಬಂದದ್ದು ತಿಳಿಯಲೇ ಇಲ್ಲ. ಯಾರೋ ಷರ್ಟಿನ ಕಾಲರು ಹಿಡಿದು ಹಿಂದಕ್ಕೆಳೆದರು. ಲಾರಿಯ ಗಾಳಿ ಪಂಚೆಗೆ ತಾಕಿತು.

"ಏನ್ ಯಜಮಾನ್ರೇ, ಹಾರ್ನ್ ಹೊಡ್ದು ಹೊಡ್ದು ನನ್ನ ಹೆಬ್ಬೆಟ್ಟು ನೋಯ್ತು" ಅಂದ ಡ್ರೈವರು ತಲೆ ಹೊರಗೆ ಹಾಕಿ.

ಅವನ ಮೇಲೆ ಕೂಗಾಡಿದೆ. ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡಿತು. ಧ್ವನಿ ಇನ್ನೂ ಇದೆ. ಮನೆಗೆ ನಡೆದು ಬರುವಾಗ ಗೋಡೆಯನ್ನು ಎಡಕ್ಕೆ ಇಟ್ಟುಕೊಂಡು ಬಂದೆ, ಬಲಕ್ಕೆ ರಸ್ತೆ.

ಸಂಜೆ ಸೊಸೆಯನ್ನು ಕರೆದು, "ಡಾಕ್ಟ್ರು ಅಂದಿದ್ಯಲ್ಲಮ್ಮ, ಯಾವತ್ತು?" ಎಂದು ಕೇಳಿದೆ. ಮನೆಯಲ್ಲಿ ಯಾರಿಗೂ ಹೇಳಬೇಡ ಅಂದೆ. ಗಂಡನಿಗೂ ಬೇಡ. ನನ್ನ ಮಗ ಓಂಕಾರೇಶನಿಗೆ ಕಡೂರಿನ ಕೊಬ್ಬರಿ ಮಂಡಿಯ ಚಿಂತೆಯೇ ಸಾಕು. ಅತ್ತೆಗಂತೂ ಬೇಡವೇ ಬೇಡ.

ಸೆಪ್ಟೆಂಬರ್ ೨೦, ಶನಿವಾರ

ತೀರ್ಥಮ್ಮನಿಗೆ ಹಳೆಯ ಕ್ಯಾಸೆಟ್ ತರಲು ಹೋಗುತ್ತೇವೆಂದು ಹೇಳಿ ತರೀಕೆರೆಗೆ ಹೋದೆವು.

ಡಾಕ್ಟರು ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುತ್ತಾರೆ. ಅಷ್ಟಕ್ಕೇ ನನಗೆ ಭಯವಾಯಿತು. ಬಡಿದರೆ ನಾದ ಬರುವ ಒಂದು ಕಬ್ಬಿಣದ ಕವಲನ್ನು ಮೊಣಕೈಗೆ ಬಡಿದು ಅದರ ಕಾಲನ್ನು ನನ್ನ ಹಣೆಯ ನಡುವೆ ಇಟ್ಟರು. ಎಲ್ಲಿ ಕೇಳಿಸುತ್ತದೆ ಅಂದರು. ನಡುವೆ ಇಟ್ಟ ಸದ್ದು ಬಲಕ್ಕೆ ಓಡಿತು. ಆಮೇಲೆ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಬಲಗಿವಿಯ ಸರದಿಯಲ್ಲಿ ಒತ್ತಿದೆ. ಎಡದ ಸರದಿ ಯಾವಾಗ ಶುರುವಾಯಿತೆಂದೇ ತಿಳಿಯಲಿಲ್ಲ. ಗಾಜಿನಾಚೆ ಭೂಮಿಕಾ ನಿಂತಿದ್ದಳು. ನಾನು ಗುಂಡಿ ಒತ್ತಲೆಂದು ಅವಳ ಹೆಬ್ಬೆರಳು ತಾನೇ ಬಾಗುತ್ತಿತ್ತು.

"ಒಂದೇ ಕಡೆ ಹೀಗೆ ಹೋಗಿರೋದ್ರಿಂದ ಸ್ಕ್ಯಾನ್ ಮಾಡಿಸಲೇಬೇಕು. ಕೆಲವು ಸಲ ಕಿವಿಯ ನರದ ಮೇಲೆ ಚಿಕ್ಕ ಗಂಟು ಇರುತ್ತೆ. ಇಲ್ಲದೇನೂ ಇರಬಹುದು. ಇದ್ರೆ, ಬೆಳೆಯೋಕೆ ಬಿಡಬಾರದು. ತಲೆ ತಿರುಗುತ್ತಾ?"

ಇಲ್ಲ ಅಂದೆ. ಆಗಾಗ ತಿರುಗುತ್ತದೆ. ಸ್ಕ್ಯಾನು ಶಿವಮೊಗ್ಗದಲ್ಲಿ.

"ಬಲಗಿವಿ?" ಎಂದು ಕೇಳಿದೆ.

"ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ."

ಬರಿಗೈಯಲ್ಲಿ ಮನೆಗೆ ಬಂದೆವು. ಕ್ಯಾಸೆಟ್ ಎಲ್ಲಿ ಎಂದು ತೀರ್ಥಮ್ಮ ಕೇಳಲಿಲ್ಲ. ಅದೂ ಒಂದು ಭಯ.

ಸೆಪ್ಟೆಂಬರ್ ೨೩, ಮಂಗಳವಾರ

ಗಂಟು. ಬೆಳಿಗ್ಗೆಯಿಂದ ತಲೆಯಲ್ಲಿ ಡಾಕ್ಟರ ಆ ಒಂದೇ ಪದ.

ಸೆಪ್ಟೆಂಬರ್ ೨೪, ಬುಧವಾರ

ತಾಲೀಮಿಗೆ ಹೋಗಲಿಲ್ಲ. ಸ್ಕ್ಯಾನು ನಾಟಕ ಮುಗಿದ ಮೇಲೆ ಅಂದೆ. ಕಾಲೇಜಿಗೆ ಹೊರಟಿದ್ದ ಭೂಮಿಕಾ ಚಪ್ಪಲಿ ಹಾಕಿಕೊಳ್ಳುತ್ತ ಅಲ್ಲೇ ನಿಂತಳು.

"ಮಾವ, ನಿಮಗೆ ಕೋಪ ಬರೋದಿದ್ರೆ ಬರಲಿ. ನಂಗೂ ಭಯ ಆಗ್ತಿದೆ. ನೀವು ಒಬ್ಬರೇ ಕೂತು ಭಯಪಡಬಹುದು. ನಾನು ಅತ್ತೆ, ಗಂಡ ಎಲ್ಲರ ಮುಂದೆ ಬಾಯಿ ಮುಚ್ಕೊಂಡು ಭಯಪಡಬೇಕು."

ಬಸ್ಸು ತಪ್ಪಿ ಹೋಗುತ್ತದೆ ನಡೆಯಮ್ಮ ಅಂದೆ.

ಸೆಪ್ಟೆಂಬರ್ ೨೮, ಭಾನುವಾರ

ತರೀಕೆರೆಗೆ ಹೋಗುವುದಿಲ್ಲ ಎಂದು ಕುಳಿತಿದ್ದೆ. ಭೂಮಿಕಾ ಅಂಗಳದಲ್ಲಿ ಕುರ್ಚಿ ಹಾಕಿ, ತನ್ನ ಫೋನು ಹಿಡಿದು ಬಂದಳು.

"ಇದರಲ್ಲಿ ಒಂದು ಸೆಟಿಂಗ್ ಇದೆ ಮಾವ. ಎಡಗಡೆದು, ಬಲಗಡೆದು ಎರಡನ್ನೂ ಸೇರಿಸಿ ಒಂದೇ ಕಿವಿಗೆ ಕಳಿಸುತ್ತೆ."

"ಅಂದ್ರೆ ಇಬ್ಬರು ಒಂದೇ ಸೀಟಲ್ಲಿ."

"ಹ್ಞೂ. ಯಗಟಿ ಬಸ್ಸಿನ ಹಾಗೆ."

ಮೊದಲ ವಾರದ ಅದೇ ಆಸ್ಟ್ರೇಲಿಯಾದ ಹಾಡು ಹಾಕಿದಳು. ಬಲಗಿವಿಗೆ ಇಯರ್‌ಫೋನಿನ ಒಂದೇ ಬಟನ್ನು ಸಿಕ್ಕಿಸಿದಳು. ತಕಿಟ ತಕಧಿಮಿ ಶುರುವಾಯಿತು. ನಾನು ಕಾಯುತ್ತ ಕುಳಿತೆ. ಕೀಬೋರ್ಡು ಬಂತು. ಅದು ಮೆರವಣಿಗೆಯಲ್ಲ. ನಾನೆಣಿಸಿದ ಯಾವುದೂ ಅಲ್ಲ. ಒಂದೇ ಸ್ವರ, ಕತ್ತಲ ಕೋಣೆಯಲ್ಲಿ ಯಾರೋ ಕೈಯಲ್ಲಿ ದೀಪ ಹಿಡಿದು ಮೆಲ್ಲಗೆ ನಡೆದ ಹಾಗೆ. ಗಿಟಾರು ಎಷ್ಟು ಗುಂಯ್‌ಗುಟ್ಟಿದರೂ ಆ ದೀಪ ಓಡಲಿಲ್ಲ, ಆರಲೂ ಇಲ್ಲ. ಆ ಹುಡುಗ ಹೆದರಿದ್ದಾನೆ, ಹೆದರಿಯೇ ನುಡಿಸುತ್ತಿದ್ದಾನೆ ಅನ್ನಿಸಿತು. ನಮ್ಮ ಕೋಟೆ ರೆಕಾರ್ಡಿನ ರಾಜ ಒಮ್ಮೆಯೂ ಹೆದರಲಿಲ್ಲ. ಯುದ್ಧಕ್ಕೆ ಹೋಗುತ್ತಾನೆ, ಗೆಲ್ಲುತ್ತಾನೆ, ಕೊಳಲು ಕೇಳುತ್ತ ಪರದೆ ಬೀಳುತ್ತದೆ.

"ಹೆಂಗಿದೆ ಮಾವ?"

"ವೇಷಭೂಷಣ ಕಮ್ಮಿ" ಅಂದೆ. "ಇನ್ನೊಂದ್ಸಲ ಹಾಕು."

ಇನ್ನೊಂದು ಸಲ ಹಾಕಿದಳು. ಆಮೇಲೆ ಕೋಟೆ ರೆಕಾರ್ಡಿನ ಹಾಡನ್ನೂ ಫೋನಿನಲ್ಲಿ ಹೀಗೇ ಸೇರಿಸಿ ಕೇಳಿದೆ. ಆರ್ಗನ್ನು ನಾನು ತುಂಬಿಕೊಂಡದ್ದಕ್ಕಿಂತ ಸಣ್ಣದಾಗಿತ್ತು. ಒಂದು ಕಡೆ ನುಡಿಸುವವನು ತಪ್ಪಿದ್ದಾನೆ, ತಪ್ಪಿ ಸರಿಮಾಡಿಕೊಂಡಿದ್ದಾನೆ. ಇಷ್ಟು ವರ್ಷ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಒಳಗಿನಿಂದ ತೀರ್ಥಮ್ಮ ಅಂದಳು. "ಮಾವ ಸೊಸೆ ಒಂದೇ ಫೋನಿಗೆ ತಲೆ ಕೊಟ್ಕೊಂಡು ಕೂತವ್ರೆ. ಅನ್ನ ತಿನ್ನೋಕಾದ್ರೂ ಎದ್ದು ಬರ್ತೀರೋ, ಅದನ್ನೂ ಅದೇ ತಿನ್ನಿಸುತ್ತೋ?"

ಬಲಕ್ಕಿದ್ದಳು. ಕೇಳಿತು.

ಅಕ್ಟೋಬರ್ ೫, ಭಾನುವಾರ

ನಿನ್ನೆ ತಾಲೀಮಿನಲ್ಲಿ ಕತ್ತಿ ಬೀಸಿ ತಿರುಗುವಾಗ ರಂಗವೇ ತಿರುಗಿತು. ಮಂತ್ರಿಯ ಭುಜ ಹಿಡಿದುಕೊಂಡೆ. ಹೊಸ ಅಭಿನಯವೆಂದು ಯಾರೋ ಚಪ್ಪಾಳೆ ತಟ್ಟಿದರು. ಮಂತ್ರಿ ಪಾರ್ಟಿನವನಿಗೆ ಮಾತ್ರ ತಿಳಿಯಿತು. ನನ್ನ ಉಗುರು ಅವನ ಭುಜದಲ್ಲಿ ಗುರುತು ಮಾಡಿದೆ.

ತಾಲೀಮು ಮುಗಿದ ಮೇಲೆ ರಾಜಶೇಖರನನ್ನು ಪಕ್ಕಕ್ಕೆ ಕರೆದು, "ಮಾತನ್ನ ಬಲಗಡೆ ವಿಂಗಿನಿಂದ ಕೊಡ್ತೀಯೇನಪ್ಪಾ?" ಎಂದು ಕೇಳಿದೆ. ಏಕೆ ಅಂದ. ನನಗೆ ಎಡಗಿವಿ ಕೇಳುವುದಿಲ್ಲ ಅಂದೆ. ಅವನು, "ಅಷ್ಟೇನಾ, ಮೊದಲೇ ಹೇಳೋದಲ್ವ ಅಣ್ಣ, ಹತ್ತಿ ಗಿತ್ತಿ ಅಂತ ಬೈಸ್ಕೊಂಡೆ" ಅಂದ. ನಾಟಕದ ದಿನ ನನಗೆ ಏನಾದರೂ ಆದರೆ ಮಾತೆಲ್ಲ ಬಾಯಿಗೆ ಬಂದಿರುವವನು ಅವನೊಬ್ಬನೇ. ಕಿರೀಟ ಅವನ ತಲೆಗೆ ಸರಿಹೋಗುತ್ತದೆಯೇ ನೋಡು ಅಂದೆ. ಇದನ್ನೂ ಹೇಗೆ ಹೇಳಿದೆನೋ.

ಸ್ಕ್ಯಾನಿಗೆ ಗುರುವಾರ ಗೊತ್ತುಮಾಡು ಎಂದು ಭೂಮಿಕಾಗೆ ಹೇಳಿದೆ. ಯಂತ್ರದೊಳಗೆ ಬಹಳ ಹೊತ್ತು ಅಲುಗಾಡದೆ ಮಲಗಬೇಕಂತೆ, ಧಡಧಡ ಸದ್ದಂತೆ. "ಎಣಿಸ್ತಾ ಮಲಗಿ ಮಾವ. ಏಳರ ನಡೆ ಸಿಕ್ಕಿದ್ರೆ ನಮ್ಮ ಪಕ್ಷ ಗೆದ್ದ ಹಾಗೆ" ಅಂದಳು. ನಗಿಸಲು ನೋಡಿದಳು. ಅವಳ ತುಟಿಯೇ ನಗಲಿಲ್ಲ.

ಅಕ್ಟೋಬರ್ ೮, ಬುಧವಾರ

ಭಯ ಕಡಿಮೆಯಾಗಿಲ್ಲ. ಗಂಟಿದ್ದರೆ? ಕುಯ್ಯಬೇಕೆಂದರೆ? ಬಲಗಿವಿಗೂ ಇದೇ ಗತಿಯಾದರೆ? ಡಾಕ್ಟರು ಅದು ಚೆನ್ನಾಗಿದೆ ಅಂದಿದ್ದಾರೆ. ಡಾಕ್ಟರು ನನ್ನ ತಲೆಯೊಳಗೆ ಕುಳಿತು ಈ ಸೊಯ್ ಕೇಳುತ್ತಿಲ್ಲ.

ಆದರೆ ಇಂದು ಸಂಜೆ ನಡೆದದ್ದು ಇದೆಲ್ಲಕ್ಕಿಂತ ಭಯದ್ದು.

ತೀರ್ಥಮ್ಮ ಅಡುಗೆಮನೆಯ ನೆಲದಲ್ಲಿ ಕುಳಿತು ಈಳಿಗೆಮಣೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದೆ, ನಾಳೆಯ ಯೋಚನೆಯಲ್ಲಿ ಮುಳುಗಿ. ಅವಳು ನನ್ನ ಎಡಕ್ಕಿದ್ದಾಳೆಂಬುದನ್ನು ಮರೆತಿದ್ದೆ. ಮೇಲೆ ಪ್ರೆಷರ್ ಕುಕ್ಕರು ಬೇರೆ. ಎಷ್ಟೋ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅವಳ ತುಟಿ ಅಲುಗುತ್ತಿತ್ತು. ಏನೋ ಹೇಳುತ್ತಿದ್ದಳು, ಬೀನ್ಸ್ ನೋಡುತ್ತ, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡುವವಳೇ ಅಲ್ಲ. ಕೊನೆಗೆ ತಲೆಯೆತ್ತಿ, "ಕೇಳಿಸ್ತಾ?" ಅಂದಳು. ಅದೊಂದು ಮಾತ್ರ ಕೇಳಿಸಿತು.

ನಾನು ಹ್ಞೂ ಅಂದೆ. ನಲವತ್ತು ವರ್ಷದಿಂದ ಅವಳ ಎಲ್ಲ ಮಾತಿಗೂ ಹಾಗೇ ಅಂದವನು, ಕೇಳಿದರೂ ಕೇಳದಿದ್ದರೂ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಣೆಯ ಮೇಲೆ ಈರುಳ್ಳಿ ಇರಲಿಲ್ಲ. "ಸರಿ ಬಿಡಿ" ಎಂದು ಬೀನ್ಸ್ ತೆಗೆದುಕೊಂಡು ಎದ್ದಳು.

ಏನು ಹೇಳಿದಳು? ಭೂಮಿಕಾ ಏನೂ ಹೇಳಿಲ್ಲವೆಂದು ಆಣೆ ಮಾಡುತ್ತಾಳೆ. ತೀರ್ಥಮ್ಮನಿಗೆ ಎಲ್ಲ ತಿಳಿದಿದೆಯೋ? ಅಥವಾ ಅವಳದೇ ಯಾವುದಾದರೂ ನೋವೋ? ಅವಳ ದೇಹದಲ್ಲಿ ಏನಾದರೂ? ನಾನು ಯಾವುದಕ್ಕೆ ಹ್ಞೂ ಅಂದೆ? ಇದೊಂದು ಬಾಯಿಪಾಠವಿಲ್ಲದ ಮಾತು. ನಾನೇ ತುಂಬಿಕೊಳ್ಳಲು ಬರುವುದಿಲ್ಲ.

ಶಿವಮೊಗ್ಗಕ್ಕೆ ಬೆಳಿಗ್ಗೆ ಬೇಗ ಹೊರಡಬೇಕು. ಅದಕ್ಕೂ ಮೊದಲು, ತೀರ್ಥಮ್ಮ ಕಾಫಿ ಸೋಸುವ ಹೊತ್ತಿಗೆ ನಾನು ಅಡುಗೆಮನೆಗೆ ಹೋಗುತ್ತೇನೆ. ಅವಳ ಎಡಗಡೆಗೆ ಕುಳಿತು, ನನ್ನ ಬಲಗಿವಿಯನ್ನು ಅವಳ ಕಡೆ ಮಾಡಿ, ನಿನ್ನೆ ಹೇಳಿದ್ದು ನನಗೆ ಕೇಳಲಿಲ್ಲ ತೀರ್ಥಾ, ಇನ್ನೊಂದು ಸಲ ಹೇಳು ಅನ್ನುತ್ತೇನೆ. ಅವಳು ಹೇಳಿ ಮುಗಿಸುವ ತನಕ ಬಾಯಿ ತೆರೆಯುವುದಿಲ್ಲ.